ಚೈನ್‌ಸಾ, ಚಿಪ್ಪರ್ ಕೆಲಸಕ್ಕೆ ಇಯರ್‌ಮಫ್: ಎಲ್ಲರಿಗೂ ದೊಡ್ಡ ನಂಬರಿನದ್ದೇ ಬೇಕಾ?

ಹಗ್ಗಗಂಟು ಕೇಳಿದ ಪ್ರಶ್ನೆ

ಮರ ಕಡಿಯುವ, ಮರಗಸಿ ಮಾಡುವ ನಾಲ್ಕು ಜನರ ತಂಡಕ್ಕೆ ಕಿವಿರಕ್ಷಣೆ ಹೊಸದಾಗಿ ಕೊಳ್ಳಬೇಕಿದೆ. ಕೆಲಸದ ಹಂಚಿಕೆ ಹೀಗಿದೆ. ಇಬ್ಬರು ಹಗ್ಗದಲ್ಲಿ ಮೇಲೆ ಹತ್ತಿ, ಹಿಡಿ ಮೇಲ್ಗಡೆ ಇರುವ ಸಣ್ಣ ಚೈನ್‌ಸಾದಲ್ಲಿ ಕೊಂಬೆ ಇಳಿಸುತ್ತಾರೆ. ಗರಗಸ ಓಡುವುದು ದಿನಕ್ಕೆ ಒಟ್ಟು ಒಂದು ಗಂಟೆಯಷ್ಟು. ಕೆಳಗೆ ಒಬ್ಬರು 60 ಸಿಸಿ ಗರಗಸದಲ್ಲಿ ದಿಮ್ಮಿ ತುಂಡು ಮಾಡುತ್ತಾರೆ, ನಡುನಡುವೆ ಚಿಪ್ಪರ್ (ಕೊಂಬೆಗಳನ್ನು ಚೂರು ಮಾಡುವ ಯಂತ್ರ) ಹತ್ತಿರವೂ ಬರುತ್ತಾರೆ. ನಾಲ್ಕನೆಯವರು ಅರ್ಧ ದಿನ ಡೀಸೆಲ್ ಚಿಪ್ಪರ್‌ಗೆ ಕೊಂಬೆ ಕೊಡುವುದರಲ್ಲೇ ಇರುತ್ತಾರೆ.

ನೋಡಿಟ್ಟಿರುವುದು ಮೂರು: ಹೆಲ್ಮೆಟ್‌ಗೆ ಸಿಗಿಸುವ ಮಫ್ (ಕಿವಿ ಮುಚ್ಚುವ ಕಪ್‌ಗಳು) ಎರಡು, ಎಸ್‌ಎನ್‌ಆರ್ (ಎಷ್ಟು ಡೆಸಿಬಲ್ ಶಬ್ದ ತಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವ ಸಂಖ್ಯೆ) 26 ಮತ್ತು 31. ಇನ್ನೊಂದು ತಲೆಪಟ್ಟಿಯದ್ದು, ಎಸ್‌ಎನ್‌ಆರ್ 36. ಎಲ್ಲರಿಗೂ 36ರದ್ದನ್ನೇ ಕೊಟ್ಟುಬಿಟ್ಟರೆ ತಲೆನೋವು ಮುಗಿಯಿತಲ್ಲ ಅನ್ನುವುದು ಒಂದು ಯೋಚನೆ. ಆದರೆ ಮೇಲಿರುವವರು ಕೆಳಗಿನ ಕೂಗು ಕೇಳಿಸುವುದೇ ಇಲ್ಲ ಅನ್ನುತ್ತಾರೆ. ಗರಗಸದ ಕೈಪಿಡಿಯಲ್ಲಿ ಶಬ್ದ 104 ಡೆಸಿಬಲ್ ಅಂತಲೂ ಇದೆ, 116 ಅಂತಲೂ ಇದೆ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು? ಕಿವಿಯೊಳಗೆ ಪ್ಲಗ್ ಹಾಕಿ ಅದರ ಮೇಲೆ ಮಫ್ ಹಾಕುವುದು ಅತಿಯಾಯಿತಾ? ಒಬ್ಬರಿಗೆ ಕನ್ನಡಕ ಬೇರೆ ಇದೆ.

ಶಬ್ದಲೆಕ್ಕ

ಮೊದಲು ಕೈಪಿಡಿಯ ಗೊಂದಲ ಬಿಡಿಸೋಣ. 116 ಎಂದಿರುವುದು ಎಲ್‌ಡಬ್ಲ್ಯುಎ, ಅಂದರೆ ಯಂತ್ರ ಎಲ್ಲ ದಿಕ್ಕಿಗೂ ಹೊರಹಾಕುವ ಒಟ್ಟು ಶಬ್ದಶಕ್ತಿ. ಅದು ಯಂತ್ರ ಯಂತ್ರಗಳನ್ನು ಹೋಲಿಸಲಿಕ್ಕೆ. 104 ಎಂದಿರುವುದು ಎಲ್‌ಪಿಎ, ಗರಗಸ ಹಿಡಿದವರ ಕಿವಿಯ ಬಳಿ ಅಳೆದ ಒತ್ತಡ. ನಿಮಗೆ ಬೇಕಾದ್ದು ಎರಡನೆಯದು. ಎಷ್ಟೋ ಜನ 116 ನೋಡಿ ಗಾಬರಿಯಾಗಿ ಅಂಗಡಿಯಲ್ಲಿರುವ ಅತಿ ದೊಡ್ಡ ಮಫ್ ತರುವುದು ಇಲ್ಲಿಂದಲೇ ಶುರು.

104 ಏನೂ ಕಡಿಮೆ ಅಲ್ಲ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯಾಶ್ (NIOSH) ಸಂಸ್ಥೆಯ ಶಿಫಾರಸಿನಲ್ಲಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ, 103ಕ್ಕೆ ಏಳೂವರೆ ನಿಮಿಷ. ಬರಿಗಿವಿಯಲ್ಲಿ ಒಂದು ದಪ್ಪ ದಿಮ್ಮಿ ಕೊಯ್ಯುವಷ್ಟರಲ್ಲಿ ಇಡೀ ದಿನದ ಪಾಲು ಮುಗಿದಿರುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾದ (OSHA) ಕಾನೂನಿನಲ್ಲಿ 90 ಡೆಸಿಬಲ್‌ಗೆ 8 ಗಂಟೆ, ಪ್ರತಿ 5 ಡೆಸಿಬಲ್ ಏರಿದಾಗ ಹೊತ್ತು ಅರ್ಧ ಅನ್ನುವ ಹಳೆಯ ಸಡಿಲ ಲೆಕ್ಕ ಇದೆ. ಕಿವಿ ಉಳಿಸಿಕೊಳ್ಳುವುದು ಉದ್ದೇಶವಾದರೆ ಅದನ್ನು ಹಿಡಿಯಬೇಡಿ.

ಈಗ ನಿಮ್ಮ ನಾಲ್ಕು ಜನರ ಲೆಕ್ಕ. ಕೆಳಗಿನ ಗರಗಸದವರು 104ರಲ್ಲಿ ಒಂದೂವರೆ ಗಂಟೆ, ಚಿಪ್ಪರ್ ಹತ್ತಿರ 100ರಲ್ಲಿ ಒಂದು ಗಂಟೆ ಇದ್ದಾರೆ ಅಂದುಕೊಳ್ಳಿ. ಎರಡನ್ನೂ 8 ಗಂಟೆಗೆ ಹರಡಿದರೆ ದಿನದ ಸರಾಸರಿ ಸುಮಾರು 98 ಡೆಸಿಬಲ್ ಬರುತ್ತದೆ. ಮಫ್ ಒಳಗೆ, ಕಿವಿಯಲ್ಲಿ, ಉಳಿಯಬೇಕಾದ್ದು 75ರಿಂದ 80. ಯುರೋಪಿನ ಇಎನ್ 458 ಮಾರ್ಗದರ್ಶಿ ಇದನ್ನೇ ಗುರಿಯಾಗಿ ಹೇಳುತ್ತದೆ. 70ಕ್ಕಿಂತ ಕೆಳಗೆ ಹೋದರೆ ಅದನ್ನು ಅತಿರಕ್ಷಣೆ ಅನ್ನುತ್ತದೆ. ಅದೂ ತಪ್ಪೇ.

ಎಸ್‌ಎನ್‌ಆರ್ ಸಂಖ್ಯೆಯನ್ನು 98ರಿಂದ ನೇರವಾಗಿ ಕಳೆಯಬಾರದು. ಅದನ್ನು ಕಳೆಯಬೇಕಾದ್ದು ಸಿ-ತೂಕದ ಅಳತೆಯಿಂದ. ಸಿ-ತೂಕದಲ್ಲಿ ಕೆಳಸ್ವರದ ಗುಡುಗೂ ಸೇರುತ್ತದೆ, ಹಾಗಾಗಿ ಸಂಖ್ಯೆ ಸ್ವಲ್ಪ ಹೆಚ್ಚಿರುತ್ತದೆ. ಪೆಟ್ರೋಲ್ ಚೈನ್‌ಸಾಗೆ 2 ಸೇರಿಸಿ ನೋಡೋಣ, 100 ಆಯಿತು. ಇನ್ನು ಡಬ್ಬಿಯ ಮೇಲಿನ ಎಸ್‌ಎನ್‌ಆರ್ ಪ್ರಯೋಗಾಲಯದಲ್ಲಿ ಸರಿಯಾಗಿ ಹಾಕಿ ಅಳೆದದ್ದು. ಕೆಲಸದ ಜಾಗದಲ್ಲಿ ಅಷ್ಟು ಸಿಗುವುದಿಲ್ಲ. ಬ್ರಿಟನ್ನಿನ ಕೆಲಸದ ಸುರಕ್ಷತಾ ಸಂಸ್ಥೆ ಎಚ್‌ಎಸ್‌ಇ ಆ ಸಂಖ್ಯೆಯಿಂದ 4 ಡೆಸಿಬಲ್ ಕಳೆದು ಲೆಕ್ಕ ಹಾಕಿ ಅನ್ನುತ್ತದೆ. ಆಗ 26ರ ಮಫ್ 22 ಕೊಡುತ್ತದೆ, ಕಿವಿಗೆ 78 ಬರುತ್ತದೆ. 31ರದ್ದಾದರೆ 73. 36ರದ್ದಾದರೆ 68. ಅಂದರೆ ನಿಮ್ಮ 36ರ ಮಫ್ ಗರಗಸದವರಿಗೆ ಅತಿ.

ಮೇಲೆ ಹತ್ತುವವರಿಗೆ 102ರಲ್ಲಿ ಒಂದು ಗಂಟೆ ಅಂತ ಹಿಡಿದರೆ ದಿನದ ಸರಾಸರಿ 93. ಸಿ-ತೂಕದಲ್ಲಿ 95. 26ರ ಮಫ್ ಸಾಕು, 73 ಉಳಿಯುತ್ತದೆ.

ಚಿಪ್ಪರ್‌ನವರ ಕತೆ ಬೇರೆ. ದಪ್ಪ ಕೊಂಬೆ ಒಳಗೆ ಹೋಗುವಾಗ 108, ನಾಲ್ಕು ಗಂಟೆ, ಅಂದರೆ ದಿನಕ್ಕೆ 105. ಡೀಸೆಲ್ ಎಂಜಿನ್ನಿನ ಕೆಳಸ್ವರ ಹೆಚ್ಚು, ಆದ್ದರಿಂದ 4 ಸೇರಿಸಿ 109. 26ರದ್ದು ಹಾಕಿದರೆ ಕಿವಿಗೆ 87, 31ರದ್ದು 82, 36ರದ್ದು 77. ಇಡೀ ತಂಡದಲ್ಲಿ 36 ಬೇಕಾದವರು ಇವರೊಬ್ಬರೇ. 108 ಅನ್ನುವುದು ಉದಾಹರಣೆಗೆ ಹಿಡಿದ ಸಂಖ್ಯೆ. ನಿಮ್ಮ ಚಿಪ್ಪರ್‌ನ ಕೈಪಿಡಿಯದ್ದೋ ಅಳೆದದ್ದೋ ಹಾಕಿ ಮತ್ತೆ ಲೆಕ್ಕ ಮಾಡಿ.

ಡಬ್ಬಿಯ ಮೇಲೆ ಎಸ್‌ಎನ್‌ಆರ್ ಜೊತೆ ಎಚ್, ಎಂ, ಎಲ್ ಅಂತ ಮೂರು ಸಂಖ್ಯೆ ಇರುತ್ತವೆ. ಮೇಲ್ಸ್ವರ, ನಡುಸ್ವರ, ಕೆಳಸ್ವರಗಳಿಗೆ ಎಷ್ಟೆಷ್ಟು ತಡೆಯುತ್ತದೆ ಅಂತ. ಗರಗಸಕ್ಕೆ ಎಂ ನೋಡಿ. ಚಿಪ್ಪರ್‌ಗೆ ಎಲ್ ಕೂಡ ನೋಡಿ. ಎಸ್‌ಎನ್‌ಆರ್ ಒಂದೇ ಇದ್ದರೂ ಎಲ್ ಬೇರೆ ಬೇರೆ ಇರುವ ಮಫ್‌ಗಳಿವೆ. ಅಮೆರಿಕದ ಡಬ್ಬಿಗಳಲ್ಲಿ ಎಸ್‌ಎನ್‌ಆರ್ ಬದಲು ಎನ್‌ಆರ್‌ಆರ್ ಇರುತ್ತದೆ. ಅಳೆಯುವ ಕ್ರಮ ಬೇರೆ, ಸಂಖ್ಯೆ ಕಡಿಮೆ ಬರುತ್ತದೆ. ಎನ್‌ಆರ್‌ಆರ್ 25ನ್ನೂ ಎಸ್‌ಎನ್‌ಆರ್ 25ನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಗರಗಸ_ಹಲ್ಲು

ಲೆಕ್ಕ ಸರಿಯಾಗಿದೆ. ಆದರೆ ಆ ಲೆಕ್ಕವನ್ನೆಲ್ಲ ಕೆಡಿಸುವುದು ಒಂದೇ ವಿಷಯ, ಮಫ್ ತೆಗೆದಿಡುವ ಹೊತ್ತು. 8 ಗಂಟೆ ಗದ್ದಲದಲ್ಲಿ ಬರೀ ಅರ್ಧ ಗಂಟೆ ತೆಗೆದಿಟ್ಟರೂ 30 ಡೆಸಿಬಲ್ ಮಫ್ 12 ಡೆಸಿಬಲ್ ಮಫ್ ಆಗಿಬಿಡುತ್ತದೆ. ಅರ್ಧ ದಿನ ತೆಗೆದಿಟ್ಟರೆ 3 ಡೆಸಿಬಲ್. ಹಾಗಾಗಿ 36ರದ್ದು ತಂದು ಭಾರ, ಬೆವರು, ಬಿಗಿ ಅಂತ ಆಗಾಗ ಎತ್ತುವವರಿಗಿಂತ 26ರದ್ದನ್ನು ಬಿಡದೆ ಹಾಕಿಕೊಂಡವರ ಕಿವಿ ಚೆನ್ನಾಗಿರುತ್ತದೆ. ಹೆಚ್ಚು ತಡೆಯುವ ಮಫ್‌ಗಳು 350 ಗ್ರಾಂ ಆಸುಪಾಸು ತೂಗುತ್ತವೆ, ಹಗುರದವು 200ರ ಆಸುಪಾಸು. ಹೆಲ್ಮೆಟ್ ಮತ್ತು ಜಾಲರಿ ಮುಖಪರದೆಯ ಜೊತೆ ಇಡೀ ದಿನ ಮೇಲೆ ನೋಡುತ್ತ ಕೆಲಸ ಮಾಡುವ ಕುತ್ತಿಗೆಗೆ ಆ 150 ಗ್ರಾಂ ಗೊತ್ತಾಗುತ್ತದೆ.

ಹೆಲ್ಮೆಟ್‌ಗೆ ಸಿಗಿಸುವುದನ್ನು ಕೊಳ್ಳುವಾಗ ಗಮನಿಸಬೇಕಾದ್ದು:

ಹಲವು ಹೆಲ್ಮೆಟ್‌ಗಳ ಪಕ್ಕದಲ್ಲಿ 30 ಮಿ.ಮೀ. ಅಗಲದ ಸೀಳು ಇರುತ್ತದೆ, ಮಫ್‌ನ ತೋಳು ಅದರಲ್ಲಿ ಕೂರುತ್ತದೆ. ಕೂತಿತು ಅಂದಮಾತ್ರಕ್ಕೆ ಹೊಂದುತ್ತದೆ ಅಂತಲ್ಲ. ಹೆಲ್ಮೆಟ್ ಮಫ್‌ಗಳ ಮಾನಕ ಇಎನ್ 352-3. ಪರೀಕ್ಷೆ ನಡೆಯುವುದು ಮಫ್ ಮತ್ತು ಹೆಲ್ಮೆಟ್ ಎರಡನ್ನೂ ಜೋಡಿಸಿ. ಯಾವ ಯಾವ ಹೆಲ್ಮೆಟ್ ಜೊತೆ ಒಪ್ಪಿಗೆ ಸಿಕ್ಕಿದೆ ಅಂತ ಡಬ್ಬಿಯೊಳಗಿನ ಹಾಳೆಯಲ್ಲಿ ಪಟ್ಟಿ ಇರುತ್ತದೆ. ನಿಮ್ಮ ಹೆಲ್ಮೆಟ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಡಬ್ಬಿಯ ಮೇಲಿನ ಸಂಖ್ಯೆಗೆ ಬೆಲೆ ಇಲ್ಲ. ತೋಳು ಒಂದಿಷ್ಟು ಓರೆಯಾಗಿ ಕೂತರೂ ಕಪ್‌ನ ಕೆಳಅಂಚು ದವಡೆಯ ಹಿಂದಿನ ಗುಳಿಯಲ್ಲಿ ಸಂದು ಬಿಡುತ್ತದೆ. ಬೆರಳ ತುದಿಯಿಂದ ಕಪ್ ಸುತ್ತ ಸವರಿದರೆ ಆ ಸಂದು ಸಿಗುತ್ತದೆ.

ಒಂದೇ ಮಾದರಿಯಲ್ಲಿ ಹೆಲ್ಮೆಟ್‌ನದ್ದು ತಲೆಪಟ್ಟಿಯದ್ದಕ್ಕಿಂತ ಸಾಮಾನ್ಯವಾಗಿ ಒಂದೆರಡು ಡೆಸಿಬಲ್ ಕಡಿಮೆ. ತಲೆಪಟ್ಟಿ ಎರಡೂ ಕಡೆಯಿಂದ ಸಮವಾಗಿ ಒತ್ತುತ್ತದೆ, ಹೆಲ್ಮೆಟ್ ತೋಳುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಒತ್ತುತ್ತವೆ. ಹೆಲ್ಮೆಟ್ ಪಕ್ಕಕ್ಕೆ ಜಾರಿದರೆ ಒಂದು ಕಿವಿ ತೆರೆದಂತೆಯೇ. ಆದ್ದರಿಂದ ಮೊದಲು ಹಿಂದಿನ ತಿರುಪು ಬಿಗಿಮಾಡಿ ಹೆಲ್ಮೆಟ್ ಅಲುಗದ ಹಾಗೆ ಕೂರಿಸಿ, ಗದ್ದದ ಪಟ್ಟಿ ಹಾಕಿ, ಕಡೆಗೆ ಮಫ್ ಇಳಿಸಿ. ಗದ್ದದ ಪಟ್ಟಿ ಕುಶನ್ (ಕಪ್ ಅಂಚಿನ ಮೆತ್ತೆ) ಅಡಿಗೆ ಹೋಗಬಾರದು. ಹತ್ತುವವರ ಹೆಲ್ಮೆಟ್‌ನಲ್ಲಿ ಕಿವಿಯ ಕೆಳಗೆ ಪಟ್ಟಿಗಳು ಕೂಡುವ ಪ್ಲಾಸ್ಟಿಕ್ ಬಿಲ್ಲೆ ಇರುತ್ತದಲ್ಲ, ಅದನ್ನು ದವಡೆಯ ಕಡೆ ಇಳಿಸಿಕೊಳ್ಳಿ. ಇದ್ದಲ್ಲೇ ಬಿಟ್ಟರೆ ಸರಿಯಾಗಿ ಕುಶನ್ ಅಂಚಿಗೇ ಬರುತ್ತದೆ.

ತೋಳಿಗೆ ಮೂರು ನಿಲುವು: ಕಿವಿಯ ಮೇಲೆ, ಸ್ವಲ್ಪ ಹೊರಕ್ಕೆ ಎಳೆದು ಗಾಳಿಯಾಡಲು, ಮತ್ತೆ ಮೇಲೆತ್ತಿ ಇಡಲು. ಗಾಳಿಯಾಡುವ ನಿಲುವಿನಲ್ಲಿ ಪಕ್ಕದವರ ಗರಗಸ ಶುರುವಾದರೆ ರಕ್ಷಣೆ ಸೊನ್ನೆ. ಕೆಲಸ ಮುಗಿದ ಮೇಲೆ ಕಪ್‌ಗಳನ್ನು ಹೆಲ್ಮೆಟ್‌ನ ಮೈಗೆ ಒತ್ತಿ ಇಟ್ಟು ರಾತ್ರಿಯಿಡೀ ಬಿಡಬೇಡಿ. ಕುಶನ್ ಚಪ್ಪಟೆಯಾಗುತ್ತದೆ, ಒಳಗಿನ ಬೆವರೂ ಆರುವುದಿಲ್ಲ.

ಕನ್ನಡಕದ ವಿಷಯ: ದಪ್ಪ ಕಡ್ಡಿ ಕುಶನ್ನನ್ನು ಎತ್ತಿ ಹಿಡಿದು ಮುಂದೊಂದು ಹಿಂದೊಂದು ಸಣ್ಣ ಸುರಂಗ ಮಾಡುತ್ತದೆ. 5 ಡೆಸಿಬಲ್‌ವರೆಗೂ ಹೋಗಬಹುದು, ಕೆಲವು ಮುಖಕ್ಕೆ ಇನ್ನೂ ಹೆಚ್ಚು. ಚಪ್ಪಟೆಯಾದ ತೆಳು ಕಡ್ಡಿ ಮತ್ತು ದಪ್ಪ ಮೆತ್ತನೆ ಕುಶನ್ ಜೋಡಿ ನೋಡಿ. ಕುಶನ್ ಗಟ್ಟಿಯಾದಷ್ಟೂ ಸೋರಿಕೆ ಹೆಚ್ಚು. ಜಾಲರಿ ಪರದೆ ಇದೆಯಲ್ಲ ಅಂತ ರಕ್ಷಣಾ ಕನ್ನಡಕ ಬಿಡುವುದಂತೂ ಬೇಡ, ಜಾಲರಿಯಲ್ಲಿ ಮರದ ಪುಡಿ ನುಗ್ಗುತ್ತದೆ. ಕಡ್ಡಿ ಬದಲಾಯಿಸಲು ಆಗುವುದಿಲ್ಲ ಅಂದರೆ ಅವರಿಗೆ ಪ್ಲಗ್ ವಾಸಿ.

ಪ್ಲಗ್_ಪಕ್ಷ

ಪ್ಲಗ್‌ನ ಮಾತು ಕಡೆಯಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ! ಮೇಲೆ ಹತ್ತುವವರಿಗೆ ನನ್ನ ಪ್ರಕಾರ ಮೊದಲ ಆಯ್ಕೆಯೇ ಪ್ಲಗ್. ಮಫ್‌ನ ತೋಳು ರೆಂಬೆಗೆ ಸಿಕ್ಕುತ್ತದೆ, ಹಗ್ಗ ಉಜ್ಜಿದರೆ ಕಪ್ ಎದ್ದುಬಿಡುತ್ತದೆ, ಕವೆಯ ಸಂದಿನಲ್ಲಿ ತಲೆ ತೂರಿಸುವಾಗ ಎಲ್ಲಕ್ಕಿಂತ ಮೊದಲು ತಾಗುವುದು ಅದೇ.

ಆದರೆ ಪ್ಲಗ್ ಹಾಕುವುದರಲ್ಲೇ ಎಲ್ಲ ಇರುವುದು. ನಯಾಶ್ ಹಿಂದೆ ಸೂಚಿಸಿದ್ದ ಕಡಿತ ನೋಡಿದರೆ ಗೊತ್ತಾಗುತ್ತದೆ: ಡಬ್ಬಿಯ ಸಂಖ್ಯೆಯಲ್ಲಿ ಮಫ್‌ಗೆ 25 ಶೇಕಡಾ, ಫೋಮ್ ಪ್ಲಗ್‌ಗೆ 50, ಉಳಿದ ಪ್ಲಗ್‌ಗಳಿಗೆ 70 ಶೇಕಡಾ ಕಳೆಯಿರಿ ಅಂತ. ಪ್ಲಗ್ ಕೆಟ್ಟದ್ದು ಅಂತಲ್ಲ, ಹೆಚ್ಚಿನವರು ಅರ್ಧಕ್ಕೇ ತುರುಕಿ ಬಿಡುತ್ತಾರೆ ಅಂತ.

ಫೋಮ್ ಪ್ಲಗ್ ಹಾಕುವ ಕ್ರಮ: ಕೈ ತೊಳೆದುಕೊಳ್ಳಿ. ಬೆರಳುಗಳ ನಡುವೆ ಉದ್ದಕ್ಕೆ ಹೊಸೆದು, ಸುಕ್ಕು ಬೀಳದ ಹಾಗೆ ತೆಳ್ಳಗೆ ಕಡ್ಡಿಯಂತೆ ಮಾಡಿ. ಸುಕ್ಕು ಬಿದ್ದರೆ ಅದೇ ಶಬ್ದಕ್ಕೆ ದಾರಿ. ಬಲಗಿವಿಗಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ಭಾಗ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಹೀಗೆ ಎಳೆದಾಗಲೇ ವಕ್ರವಾಗಿರುವ ಕಿವಿನಾಳ ನೆಟ್ಟಗಾಗುವುದು. ಅದು ಹಿಗ್ಗುವ ಮೊದಲೇ ಬೇಗ ಒಳಗೆ ಸೇರಿಸಿ, ಬೆರಳ ತುದಿಯಲ್ಲಿ 30 ಸೆಕೆಂಡ್ ಒತ್ತಿ ಹಿಡಿಯಿರಿ. ಚಳಿಯಲ್ಲಿ ಫೋಮ್ ನಿಧಾನ, ಒಂದು ನಿಮಿಷ ಹಿಡಿಯಿರಿ. ಎದುರಿಗೆ ನಿಂತವರಿಗೆ ಪ್ಲಗ್ ಹೊರಕ್ಕೆ ಚಾಚಿಕೊಂಡು ಕಾಣುತ್ತಿದ್ದರೆ ತೆಗೆದು ಮತ್ತೆ ಹಾಕಬೇಕು.

ಪರೀಕ್ಷೆ ಸುಲಭ. ಯಂತ್ರ ಓಡುವಾಗ ಎರಡೂ ಅಂಗೈ ಕಿವಿಗೆ ಗಟ್ಟಿಯಾಗಿ ಮುಚ್ಚಿ ಬಿಡಿ. ಮುಚ್ಚಿದಾಗ ಶಬ್ದ ಗಣನೀಯವಾಗಿ ಇಳಿದರೆ ಪ್ಲಗ್ ಸೋರುತ್ತಿದೆ ಅಂತ ಅರ್ಥ. ನಿಮ್ಮ ಮಾತು ನಿಮಗೇ ಗಡಿಗೆಯೊಳಗಿಂದ ಬಂದಂತೆ ಕೇಳಬೇಕು, ಅದೂ ಎರಡು ಕಿವಿಯಲ್ಲಿ ಒಂದೇ ತರಹ. ತೆಗೆಯುವಾಗ ಸರ್ರನೆ ಎಳೆಯಬಾರದು, ತಿರುಚುತ್ತ ನಿಧಾನವಾಗಿ ಎಳೆಯಿರಿ. ಇಲ್ಲದಿದ್ದರೆ ಒಳಗಿನ ಗಾಳಿಯ ಎಳೆತಕ್ಕೆ ಕಿವಿತಮಟೆ ನೋಯುತ್ತದೆ.

ಮರದ ಕೆಲಸದಲ್ಲಿ ಫೋಮ್‌ನ ನಿಜವಾದ ತೊಂದರೆ ಕೈಯ ಕೊಳೆ. ಚೈನ್ ಎಣ್ಣೆ, ಮರದ ಹಾಲು, ಪುಡಿ ಎಲ್ಲವೂ ಹೊಸೆಯುವಾಗಲೇ ಅದಕ್ಕೆ ಮೆತ್ತಿಕೊಂಡು ನೇರ ಕಿವಿನಾಳಕ್ಕೆ ಹೋಗುತ್ತವೆ. ದಿನಕ್ಕೆ ಹಲವು ಸಲ ತೆಗೆದು ಹಾಕುವವರಿಗೆ ಹಿಡಿಕಡ್ಡಿ ಇರುವ, ಹೊಸೆಯುವ ಅಗತ್ಯವಿಲ್ಲದ ಪ್ಲಗ್ ಸರಿ. ಕಡ್ಡಿ ಮಾತ್ರ ಮುಟ್ಟುತ್ತೀರಿ, ತುದಿ ಮುಟ್ಟುವುದಿಲ್ಲ. ಕೊಡೆಯಂಥ ಮೂರು ಪದರದ ರಬ್ಬರ್ ಪ್ಲಗ್ ತೊಳೆದು ಮತ್ತೆ ಬಳಸಬಹುದು. ಆದರೆ ಅಳತೆ ಸರಿಯಿಲ್ಲದಿದ್ದರೆ ತೀರಾ ಕಡಿಮೆ ತಡೆಯುತ್ತದೆ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು. ಕಿವಿಯ ಅಚ್ಚು ತೆಗೆಸಿ ಮಾಡಿಸುವ ಪ್ಲಗ್ ದಿನವಿಡೀ ಹಾಕಲು ಹಿತ. ಆದರೆ ತೂಕ ತುಂಬಾ ಇಳಿದರೆ ಅಥವಾ ಏರಿದರೆ ಅದು ಸಡಿಲವಾಗಿಯೋ ಬಿಗಿಯಾಗಿಯೋ ಕೂರುತ್ತದೆ, ಮತ್ತೆ ಅಚ್ಚು ತೆಗೆಸಬೇಕು.

ದಾರವಿರುವ ಪ್ಲಗ್ ಚಿಪ್ಪರ್ ಹತ್ತಿರ ಬೇಡವೇ ಬೇಡ. ಕೊಂಬೆಯ ಒಂದು ಕವಲು ದಾರಕ್ಕೆ ಸಿಕ್ಕರೆ ಮುಂದೇನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಶಬ್ದಲೆಕ್ಕ

ಪ್ಲಗ್_ಪಕ್ಷ ಹೇಳಿದ್ದಕ್ಕೆ ಒಂದು ತಕರಾರು. ಮೇಲಿರುವವರು ದಿನಕ್ಕೆ ಹತ್ತಾರು ಸಲ ಗರಗಸ ನಿಲ್ಲಿಸಿ ಕೆಳಗಿನವರ ಜೊತೆ ಮಾತಾಡಬೇಕು. ಮಫ್ ಆದರೆ ಎತ್ತಿ ಇಳಿಸುವುದು ಎರಡು ಸೆಕೆಂಡ್. ಪ್ಲಗ್ ಆದರೆ ಒಂದು ಕಿವಿಯದ್ದು ತೆಗೆಯುತ್ತಾರೆ, ಮತ್ತೆ ಹಾಕುವಾಗ 30 ಸೆಕೆಂಡ್ ಯಾರೂ ಹಿಡಿಯುವುದಿಲ್ಲ. ಪ್ಲಗ್ ಹಾಕಿಕೊಂಡೇ ಮಾತು ಕೇಳುವ ಏರ್ಪಾಡು ಇದ್ದರೆ ಮಾತ್ರ ನಿಮ್ಮ ಮಾತು ಒಪ್ಪಬಹುದು.

ಜೋಡಿ ರಕ್ಷಣೆ ಬಗ್ಗೆ ಕೇಳಿದ್ದರು. ಪ್ಲಗ್ 30, ಮಫ್ 26, ಒಟ್ಟು 56 ಅನ್ನುವ ಲೆಕ್ಕ ಇಲ್ಲ. ಎರಡರಲ್ಲಿ ಹೆಚ್ಚಿನದಕ್ಕೆ ಸುಮಾರು 5 ಸೇರಿಸಿ, ಅಷ್ಟೇ. ಕಿವಿ ಪೂರ್ತಿ ಮುಚ್ಚಿದರೂ ಶಬ್ದ ತಲೆಬುರುಡೆಯ ಮೂಳೆಯ ಮೂಲಕ ಒಳಕಿವಿ ಮುಟ್ಟುತ್ತದೆ, 40ರಿಂದ 50 ಡೆಸಿಬಲ್ ಆಚೆ ಯಾವ ಕಿವಿಸಾಧನವೂ ತಡೆಯಲಾರದು. ದಿನದ ಸರಾಸರಿ 100 ದಾಟಿದರೆ ಜೋಡಿ ಹಾಕಿ ಅಂತ ನಯಾಶ್ ಹೇಳುತ್ತದೆ. ನಿಮ್ಮಲ್ಲಿ ಅದು ಚಿಪ್ಪರ್‌ನವರಿಗೆ ಮಾತ್ರ ಅನ್ವಯ. 36ರ ತಲೆಪಟ್ಟಿ ಮಫ್ ಹೆಲ್ಮೆಟ್ ಮೇಲೆ ಕೂರುವುದಿಲ್ಲವಾದ್ದರಿಂದ ಅವರಿಗೆ ಎರಡು ದಾರಿ: ಹೆಲ್ಮೆಟ್‌ಗೆ ಸಿಗಿಸುವ 34ರ ಆಸುಪಾಸಿನದ್ದು, ಇಲ್ಲವೇ 26ರ ಮಫ್ ಜೊತೆ ಒಳಗೆ ಪ್ಲಗ್. ಬೇಸಿಗೆಯಲ್ಲಿ ಹೆಚ್ಚಿನವರಿಗೆ ಎರಡನೆಯದೇ ಹಿತ. ಮಫ್ ಒಂದು ಕ್ಷಣ ಎತ್ತಿದರೂ ಒಳಗೆ ಪ್ಲಗ್ ಇರುತ್ತದಲ್ಲ.

ಹಗ್ಗಗಂಟು

ಎಲ್ಲರಿಗೂ ಒಂದೇ ಅನ್ನುವ ಯೋಚನೆ ಬಿಟ್ಟೆ. ಹಾಗಾದರೆ ಮೇಲೆ ಇಬ್ಬರಿಗೂ ಕೆಳಗಿನ ಗರಗಸದವರಿಗೂ 26, ಚಿಪ್ಪರ್‌ನವರಿಗೆ 34 ಅಥವಾ ಜೋಡಿ. ಈಗ ಉಳಿದದ್ದು ಮಾತಿನ ಪ್ರಶ್ನೆ. ಬ್ಲೂಟೂತ್ ಇರುವ ಮಫ್ ಕೊಳ್ಳಬಹುದಾ? ಒಬ್ಬರು ಹಾಡು ಕೇಳುವ ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ಸೇ ಸಾಕು ಅನ್ನುತ್ತಿದ್ದಾರೆ. ಗಡ್ಡ ದಟ್ಟವಾಗಿ ಬಿಟ್ಟವರಿಗೆ ಏನು ಮಾಡುವುದು?

ಮರಗಸಿ

ಇಯರ್‌ಬಡ್ಸ್ ಬೇಡ. ಅದರ ನಾಯ್ಸ್ ಕ್ಯಾನ್ಸಲಿಂಗ್ ವಿಮಾನದ ಗುಡುಗಿನಂಥ ಒಂದೇ ಸಮನಾದ ಕೆಳಸ್ವರಕ್ಕೆ ಮಾಡಿದ್ದು. ಗರಗಸದ ಕಿರುಚಾಟ ಇರುವುದು ನಡುಸ್ವರ, ಮೇಲ್ಸ್ವರದಲ್ಲಿ. ಅಲ್ಲಿ ಅದರ ಎಲೆಕ್ಟ್ರಾನಿಕ್ಸ್ ಏನೂ ಮಾಡುವುದಿಲ್ಲ. ಜೊತೆಗೆ ಅದು ಕಿವಿರಕ್ಷಣೆ ಅಂತ ಪರೀಕ್ಷೆಗೆ ಒಳಗಾಗಿರುವುದಿಲ್ಲ, ಡಬ್ಬಿಯ ಮೇಲೆ ಎಸ್‌ಎನ್‌ಆರ್ ಹುಡುಕಿ, ಸಿಗುವುದಿಲ್ಲ. ಕೆಟ್ಟ ಭಾಗ ಅಂದರೆ ಗದ್ದಲ ಮೀರಿಸಲು ಹಾಡಿನ ಶಬ್ದ ಏರಿಸುತ್ತಾರೆ, ಆಗ ಎರಡೂ ಸೇರಿ ಕಿವಿಗೆ ಬೀಳುತ್ತವೆ.

ಎಲೆಕ್ಟ್ರಾನಿಕ್ ಮಫ್‌ಗಳಲ್ಲಿ ಮೂರು ಬಗೆ, ಬೆರೆಸಿಕೊಳ್ಳಬೇಡಿ. ಮೊದಲನೆಯದು ಹೊರಗಿನ ಶಬ್ದವನ್ನು ಮೈಕಿನಿಂದ ಎತ್ತಿ ಒಳಗೆ ಕೇಳಿಸುವುದು, ಮಾನಕ ಇಎನ್ 352-4. ಮೆಲುಮಾತು ಕೇಳುತ್ತದೆ, ಗರಗಸ ಶುರುವಾದ ಕೂಡಲೇ ಸ್ಪೀಕರ್ ತನ್ನ ಶಬ್ದವನ್ನು 82 ಡೆಸಿಬಲ್ ಆಸುಪಾಸಿಗೆ ಕಟ್ಟಿಹಾಕುತ್ತದೆ. ಗರಗಸ ನಿಂತಾಗ ಮಫ್ ಎತ್ತದೆಯೇ ಕೆಳಗಿನ ಕೂಗು ಕೇಳುವುದರಿಂದ ಗರಗಸ_ಹಲ್ಲು ಹೇಳಿದ ‘ತೆಗೆದಿಡುವ ಹೊತ್ತು’ ತಾನಾಗಿ ಇಳಿಯುತ್ತದೆ. ನಿಮ್ಮ ಮೇಲಿನವರಿಗೆ ಇದು ಸರಿಹೋಗುತ್ತದೆ. ಎರಡನೆಯದು ಬರೀ ಹಾಡು, ರೇಡಿಯೊ ಕೇಳಲು. ಒಳಗಿನ ಶಬ್ದಕ್ಕೆ ಮಿತಿ ಇರುತ್ತದೆ ನಿಜ, ಆದರೆ ಮರದ ಕೆಲಸದಲ್ಲಿ ಹಾಡಿಗೆ ಜಾಗವಿಲ್ಲ. ನಾರು ಸಿಡಿಯುವ ಸದ್ದು, ಬುಡ ಸೀಳುವ ಮೊದಲಿನ ಟಿಕ್ ಟಿಕ್ ಸದ್ದು ಕೇಳಲಿಕ್ಕೆ ಕಿವಿ ಖಾಲಿ ಇರಬೇಕು. ಮೂರನೆಯದು ತಂಡದ ಒಳಗೆ ಮಾತಾಡಲು, ಬಾಯಿಯ ಮುಂದೆ ಮೈಕು ಇರುವುದು.

ಮೂರನೆಯದನ್ನು ಕೊಳ್ಳುವುದಾದರೆ ಗುಂಡಿ ಒತ್ತಿ ಮಾತಾಡುವುದು ಬೇಡ, ಮೇಲಿನವರ ಎರಡೂ ಕೈ ಗರಗಸದ ಮೇಲಿರಬೇಕು. ಫೋನಿನ ಹಾಗೆ ಎರಡೂ ಕಡೆ ಒಟ್ಟಿಗೆ ಮಾತಾಡುವಂಥದ್ದು ತಗೊಳ್ಳಿ. ಮೈಕು ತುಟಿಗೆ ಬೆರಳಷ್ಟು ಹತ್ತಿರ ಇರಬೇಕು. ದೂರವಿದ್ದರೆ ನಿಮ್ಮ ಮಾತಿಗಿಂತ ಗರಗಸವೇ ಉಳಿದ ಮೂವರ ಕಿವಿಗೂ ಹೋಗುತ್ತದೆ. ಸುತ್ತಿನ ಫೋಮ್ ತೊಪ್ಪಿ ಕಳೆದುಹೋದರೆ ಗಾಳಿಯ ಬುಸ್ ಬುಸ್ ಸದ್ದು ಶುರು. ಅದನ್ನು ಹೆಚ್ಚುವರಿಯಾಗಿ ತಂದಿಟ್ಟುಕೊಳ್ಳಿ. ಬ್ಯಾಟರಿ ಸತ್ತರೆ ರಕ್ಷಣೆ ಹೋಗುವುದಿಲ್ಲ, ಕಪ್ ತಾನೇ ತಡೆಯುತ್ತದೆ. ಮಾತು ಮಾತ್ರ ಸಾಯುತ್ತದೆ, ಅದಕ್ಕೇ ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿ ಇಟ್ಟಿರಬೇಕು.

ಕೂಗಿ ಕರೆಯುವ ಪದ್ಧತಿ ಇಟ್ಟುಕೊಂಡರೂ ಒಂದು ನಿಯಮ ಬೇಕು. ಮೇಲಿನವರು ‘ಕೊಂಬೆ ಬರ್ತಿದೆ’ ಅಂದರೆ ಸಾಲದು, ಕೆಳಗಿನವರು ಕೈ ಎತ್ತಿಯೋ ಕೂಗಿಯೋ ಉತ್ತರ ಕೊಟ್ಟ ಮೇಲೇ ಕೊನೆಯ ಕೊಯ್ತ. ಉತ್ತರ ಬರಲಿಲ್ಲ ಅಂದರೆ ಕೇಳಿಸಿಲ್ಲ ಅಂತಲೇ ಅರ್ಥ. ಮಫ್ ಹಾಕಿದವರು ಮುಖ ಆಚೆ ತಿರುಗಿಸಿದ್ದರೆ ಎಷ್ಟು ಕೂಗಿದರೂ ಅಷ್ಟೆ.

ಗಡ್ಡಕ್ಕೆ: ಕುಶನ್ ಕೂರುವ ಉಂಗುರದಷ್ಟು ಜಾಗ, ಅಂದರೆ ಕಿವಿಯ ಮುಂದಿನ ಕೆನ್ನೆಗೂದಲು ಮತ್ತು ದವಡೆಯ ಮೂಲೆ, ಇಲ್ಲಿ ಮಾತ್ರ ಚಿಕ್ಕದಾಗಿ ಕತ್ತರಿಸಿದರೆ ಸಾಕು. ಅದಕ್ಕೂ ಒಪ್ಪದಿದ್ದರೆ ಪ್ಲಗ್. ಹೆಲ್ಮೆಟ್ ಅಡಿಗೆ ಟೋಪಿ, ಬಟ್ಟೆ ಕಟ್ಟುವವರೂ ಅದು ಕಿವಿಗಿಂತ ಮೇಲಕ್ಕೇ ಇರುವಂತೆ ನೋಡಿಕೊಳ್ಳಬೇಕು. ಕುಶನ್ ಅಡಿ ಬಟ್ಟೆ ಮಡಿಕೆ ಇದ್ದರೆ ಕನ್ನಡಕದ ಕಡ್ಡಿಗಿಂತ ದೊಡ್ಡ ಸೋರಿಕೆ.

ಗರಗಸ_ಹಲ್ಲು

ಇನ್ನೊಂದೆರಡು ಮಾತು ಬಾಕಿ.

ಬ್ಯಾಟರಿ ಗರಗಸ ತಂದರೆ ಮಫ್ ಬೇಡ ಅನ್ನುವ ನಂಬಿಕೆ ಹರಡುತ್ತಿದೆ. ಬ್ಯಾಟರಿಯದ್ದೂ ಕೊಯ್ಯುವಾಗ ಕಿವಿಯ ಬಳಿ 90 ದಾಟುವುದು ಸಾಮಾನ್ಯ. ಎಂಜಿನ್ ಇಲ್ಲದಿದ್ದರೂ ಓಡುವ ಚೈನ್, ಅದು ಮರಕ್ಕೆ ಬಡಿಯುವುದು ಶಬ್ದ ಮಾಡುತ್ತವೆ. ಕೊಯ್ಯದೇ ಇರುವಾಗ ಪೂರ್ತಿ ಮೌನವಾಗಿರುವುದರಿಂದ ಜನ ಮಫ್ ಎತ್ತುತ್ತಾರೆ, ಮರೆಯುತ್ತಾರೆ. ಅವುಗಳಿಗೆ ಮರಗಸಿ ಹೇಳಿದ ಮೊದಲನೆಯ ಬಗೆ ಹೇಳಿ ಮಾಡಿಸಿದಂತಿದೆ.

ಯಂತ್ರದ ಕಡೆಯೂ ನೋಡಿ. ಚಿಪ್ಪರ್ ಅಲಗು ಮೊಂಡಾದರೆ, ಅಲಗಿಗೂ ಅಡಿಪಟ್ಟಿಗೂ ನಡುವಿನ ಸಂದು ಹೆಚ್ಚಾದರೆ ಮರವನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಶಬ್ದವೂ ಹೆಚ್ಚು, ಒಂದೇ ರಾಶಿಗೆ ಹಿಡಿಯುವ ಹೊತ್ತೂ ಹೆಚ್ಚು. ಗರಗಸದ ಸೈಲೆನ್ಸರ್ ತಿರುಪು ಸಡಿಲವಾದರೆ ಶಬ್ದ ಕರ್ಕಶವಾಗುತ್ತದೆ, ಅದನ್ನು ಕಿವಿಯೇ ಹೇಳುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಗ್ಗ ಹಿಡಿಯುವವರು ಚಿಪ್ಪರ್‌ನ ಪಕ್ಕದಲ್ಲೇ ನಿಲ್ಲಬೇಕಾಗಿಲ್ಲ. 3 ಮೀಟರ್ ಇದ್ದದ್ದನ್ನು 12 ಮಾಡಿದರೆ 12 ಡೆಸಿಬಲ್ ಪುಕ್ಕಟೆ.

ನಿರ್ವಹಣೆ: ಕುಶನ್ ಮತ್ತು ಕಪ್ ಒಳಗಿನ ಫೋಮ್ ಜೋಡಿಯಾಗಿ ಸಿಗುತ್ತವೆ, ದಿನವೂ ಬಳಸುವವರು ವರ್ಷಕ್ಕೆ ಎರಡು ಸಲವಾದರೂ ಬದಲಾಯಿಸಬೇಕು. ಉಗುರಿನಿಂದ ಒತ್ತಿದ ಗುಳಿ ತಕ್ಷಣ ಎದ್ದು ಬರದಿದ್ದರೆ, ಅಂಚಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ತಿಂಗಳೆಣಿಸದೆ ಆಗಲೇ ಬದಲಿಸಿ. ಒಳಗಿನ ಫೋಮ್ ಸೆಕೆ ಅಂತ ಕಿತ್ತೆಸೆಯುವವರಿದ್ದಾರೆ. ಅದಿಲ್ಲದೆ ಕಪ್ ಒಳಗೇ ಶಬ್ದ ಮಾರ್ದನಿಸುತ್ತದೆ. ಒರೆಸಲು ಸೋಪು ನೀರು ಸಾಕು. ಪೆಟ್ರೋಲ್, ಥಿನ್ನರ್ ತಾಗಿದರೆ ಕುಶನ್ ಬಿರಿಯುತ್ತದೆ. ತಲೆಪಟ್ಟಿಯನ್ನು ಮೊಣಕಾಲಿಗೆ ಸಿಗಿಸಿ ಹಿಗ್ಗಿಸಿದರೆ ಬಿಗಿ ಹೋಯಿತು, ಅದರ ಜೊತೆ ಎಸ್‌ಎನ್‌ಆರ್ ಕೂಡ.

ಶಬ್ದಲೆಕ್ಕ

ಒಂದು ಸೇರಿಸುತ್ತೇನೆ. ನಾಲ್ವರಿಗೂ ಈಗಲೇ ಒಂದು ಶ್ರವಣ ಪರೀಕ್ಷೆ ಮಾಡಿಸಿ, ಆಮೇಲೆ ವರ್ಷಕ್ಕೊಂದು. ಪರೀಕ್ಷೆಗೆ ಮೊದಲು 14 ಗಂಟೆ ಗದ್ದಲದಿಂದ ದೂರವಿರಬೇಕು, ಅಂದರೆ ಕೆಲಸ ಮುಗಿಸಿ ಸಂಜೆ ಹೋಗಬೇಡಿ, ರಜೆಯ ಮಾರನೆ ಬೆಳಿಗ್ಗೆ ಹೋಗಿ. ವರದಿಯಲ್ಲಿ 3000, 4000, 6000 ಹರ್ಟ್ಸ್ ಕಂಬಗಳನ್ನು ನೋಡಿ. ಗದ್ದಲದ ಹಾನಿ ಮೊದಲು 4000ದ ಸುತ್ತ ಗುಳಿಯಾಗಿ ಕಾಣುತ್ತದೆ. ಆಗಿನ್ನೂ ಮಾತು ಚೆನ್ನಾಗಿಯೇ ಕೇಳುತ್ತಿರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. 2000, 3000, 4000ದ ಸರಾಸರಿ ಮೊದಲ ವರದಿಗಿಂತ 10 ಡೆಸಿಬಲ್ ಸರಿದಿದ್ದರೆ ಓಶಾ ಅದನ್ನು ಗಂಭೀರ ಬದಲಾವಣೆ ಎಂದು ಎಣಿಸುತ್ತದೆ. ಆಗ ಆ ಮನುಷ್ಯರ ಮಫ್, ಕುಶನ್, ಹಾಕುವ ರೀತಿ ಎಲ್ಲವನ್ನೂ ಮೊದಲಿಂದ ಪರಿಶೀಲಿಸಬೇಕು.

ಎರಡು ಪರೀಕ್ಷೆಗಳ ನಡುವೆ ನೋಡಿಕೊಳ್ಳಲು: ಬೆಳಿಗ್ಗೆ ಗಾಡಿಯ ರೇಡಿಯೊವನ್ನು ಮಾತು ಅರ್ಥವಾಗುವಷ್ಟೇ ಇಟ್ಟು ಆಫ್ ಮಾಡಿ. ಸಂಜೆ ಹಾಗೇ ಆನ್ ಮಾಡಿದಾಗ ಮಾತು ಮಸುಕಾಗಿ ಕೇಳಿದರೆ, ಅಥವಾ ರಾತ್ರಿ ಕಿವಿ ಗುಂಯ್ ಅನ್ನುತ್ತಿದ್ದರೆ, ಆ ದಿನದ ರಕ್ಷಣೆ ಸಾಲಲಿಲ್ಲ.

ಹಗ್ಗಗಂಟು

26ರ ಮೂರು, 34ರ ಒಂದು, ಹಿಡಿಕಡ್ಡಿಯ ಪ್ಲಗ್ ಒಂದು ಡಬ್ಬಿ ಅಂತ ಪಟ್ಟಿ ಮಾಡಿದೆ. ಮೇಲಿನ ಇಬ್ಬರದ್ದು 352-4 ಬಗೆಯದ್ದು. ಮಳೆಯಲ್ಲಿ ಅದರ ಮೈಕು ನೆನೆದರೆ?

ಮರಗಸಿ

ಮೈಕಿನ ಮೇಲಿನ ಫೋಮ್ ನೆನೆದರೆ ಶಬ್ದ ಮಂಕಾಗುತ್ತದೆ, ಚಟಪಟ ಅನ್ನುತ್ತದೆ. ಆಗ ಎಲೆಕ್ಟ್ರಾನಿಕ್ಸ್ ಆಫ್ ಮಾಡಿ ಸಾಮಾನ್ಯ ಮಫ್‌ನಂತೆ ಬಳಸಿ. ಸಂಜೆ ಬ್ಯಾಟರಿ ತೆಗೆದು, ಫೋಮ್ ಹಿಂಡಿ, ಕಪ್‌ಗಳನ್ನು ಹೊರಕ್ಕೆ ತೆರೆದಿಟ್ಟು ನೆರಳಲ್ಲಿ ಒಣಗಿಸಿ. ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ ನಿಜ, ಕುಶನ್ನೂ ಅಷ್ಟೇ ಬೇಗ ಗಟ್ಟಿಯಾಗುತ್ತದೆ. ಕೊಳ್ಳುವ ಮೊದಲು ಆ ಮಾದರಿಗೆ ಮೈಕಿನ ಫೋಮ್ ಮತ್ತು ಕುಶನ್ ಬಿಡಿಯಾಗಿ ಸಿಗುತ್ತವೆಯಾ ಅಂತ ಕೇಳಿ. ಸಿಗದಿದ್ದರೆ ಬೇರೆ ಮಾದರಿ ನೋಡಿ.